ರೂಪಾಯಿ ಒಂದೇ, ಆದರೂ ಗೇಟು ಬಿತ್ತು

2025ರ ಜೂನ್ ಎರಡನೇ ವಾರ. ನಮ್ಮ ತೋಪಿನಲ್ಲಿ ತೋತಾಪುರಿ ಕೀಳೋಕೆ ಆಳುಗಳು ಬಂದಿದ್ದರು. ಮೊದಲ ಲೋಡು ತುಂಬಿ ಹಗ್ಗ ಬಿಗೀತಾ ಇದ್ದೆವು. ಅಷ್ಟರಲ್ಲಿ ಕಾಯಿ ಕೊಳ್ಳೋ ದಲಾಲರ ಫೋನು ಬಂತು. "ಅಣ್ಣಾ, ಕೀಳಿಸಬೇಡ. ಆ ಕಡೆ ಬಿಡ್ತಾ ಇಲ್ಲ." ಅಷ್ಟೊತ್ತಿಗೆ 3 ಟನ್ ಕಿತ್ತಾಗಿತ್ತು. ಕಿತ್ತ ಕಾಯಿಯನ್ನ ಮತ್ತೆ ಮರಕ್ಕೆ ಅಂಟಿಸೋಕಾಗುತ್ತಾ?

ಕೊನೆಗೆ ಮಂಡಿಯಲ್ಲಿ ಕೆ.ಜಿ.ಗೆ 3 ರೂಪಾಯಿಗೆ ಕೊಟ್ಟೆ. 9,000 ರೂಪಾಯಿ ಬಂತು. ಕೀಳೋ ಕೂಲಿ, ಗಾಡಿ ಬಾಡಿಗೆ, ಕಮಿಷನ್ ಎಲ್ಲಾ ಹೋಗಿ ಕೈಗೆ ಉಳಿದದ್ದು 2,300. ಹೂವಿನ ಟೈಮಲ್ಲಿ ಔಷಧಿ ಹೊಡೆಸೋಕೆ ಅಂತ 40,000 ಕೈಸಾಲ ಮಾಡಿದ್ದೆ. ಬಡ್ಡಿ ನೂರಕ್ಕೆ ತಿಂಗಳಿಗೆ 3 ರೂಪಾಯಿ. ಅಂದರೆ ತಿಂಗಳಿಗೆ 1,200. ಒಂದು ಲೋಡು ಮಾವು ಎರಡು ತಿಂಗಳ ಬಡ್ಡಿಗೂ ಸಾಲಲಿಲ್ಲ. ಉಳಿದ ಕಾಯಿ ಕೀಳಿಸೋಕೆ ಹೋಗಲಿಲ್ಲ. ಉದುರಿ ಬಿದ್ದದ್ದನ್ನ ಕುರಿಗಳು ತಿಂದವು.

ನಾನು ಖುಷ್ಕಿ ರೈತ. 3 ಎಕರೆ ಮಾವು, 2 ಎಕರೆ ರಾಗಿ, ಅವರೆ. ಓದಿದ್ದು ಏಳನೇ ಕ್ಲಾಸು. ದೊಡ್ಡ ದೊಡ್ಡವರು ಬರೆಯೋ ಹಣಕಾಸು ನೀತಿ, ನೆರೆ ದೇಶಗಳ ವ್ಯಾಪಾರ ಒಪ್ಪಂದ ಇದೆಲ್ಲ ನಿನಗೇಕಪ್ಪಾ ಅಂತ ಕೇಳಬಹುದು. ನನಗೂ ಬೇಡ ಅನ್ನಿಸಿತ್ತು. ಆದರೆ ಆ ಲೋಡು ಇಳಿಸಿದ ಮೇಲೆ ಯೋಚನೆ ಬಿಡಲಿಲ್ಲ. ಬಿ.ಕಾಂ. ಓದಿದ ಮಗಳನ್ನ ಕೂರಿಸಿಕೊಂಡು ಕೇಳಿ ಕೇಳಿ ತಿಳಿದುಕೊಂಡೆ. ತಿಳಿದದ್ದನ್ನ ನಿಮ್ಮ ಮುಂದೆ ಇಡ್ತಾ ಇದೀನಿ.

ಒಂದು ದಿನದ ಅಂತರ

ಎರಡು ತಾರೀಖು ನೋಡಿ. 2025ರ ಜೂನ್ 6ರಂದು ರಿಸರ್ವ್ ಬ್ಯಾಂಕು ರೆಪೋ ಬಡ್ಡಿಯನ್ನ ಅರ್ಧ ಪರ್ಸೆಂಟ್ ಇಳಿಸಿ ಐದೂವರೆ ಮಾಡಿತು. ರೆಪೋ ಅಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಸಾಲ ಕೊಡೋ ದರ. ಅದು ಇಳಿದರೆ ಉಳಿದ ಸಾಲಗಳೂ ಅಗ್ಗ ಆಗಬೇಕು ಅನ್ನೋದು ಲೆಕ್ಕ. ಪೇಪರಿನಲ್ಲಿ ದೊಡ್ಡದಾಗಿ ಬಂತು. ಮಾರನೇ ದಿನ ಜೂನ್ 7ಕ್ಕೆ ಚಿತ್ತೂರು ಜಿಲ್ಲಾಡಳಿತದ ಆದೇಶ ಹೊರಟಿತು. ಬೇರೆ ರಾಜ್ಯದ ತೋತಾಪುರಿ ಆ ಜಿಲ್ಲೆ ಒಳಗೆ ಬರೋ ಹಾಗಿಲ್ಲ.

ಮುಂಬೈಯ ಅರ್ಧ ಪರ್ಸೆಂಟ್ ನಮ್ಮೂರಿಗೆ ಇವತ್ತಿಗೂ ಬಂದಿಲ್ಲ. 2025ರಲ್ಲಿ ಫೆಬ್ರವರಿಯಿಂದ ಡಿಸೆಂಬರ್ ಒಳಗೆ ನಾಲ್ಕು ಸಲ ಇಳಿಸಿ ಆರೂವರೆ ಇದ್ದದ್ದನ್ನ ಐದೂಕಾಲು ಮಾಡಿದರು. ನನ್ನ ಕೈಸಾಲದ ಬಡ್ಡಿ ವರ್ಷಕ್ಕೆ 36ರಲ್ಲೇ ನಿಂತಿದೆ. ಸೊಸೈಟಿಯಲ್ಲಿ ಬಡ್ಡಿ ಇಲ್ಲದ ಸಾಲ ಇದೆ, ನಿಜ. ಆದರೆ ನಮ್ಮ ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ, ಅಣ್ಣತಮ್ಮಂದಿರ ಭಾಗ ಆಗಿಲ್ಲ. ಇಂಥವರು ನಮ್ಮ ಕಡೆ ಊರಿಗೆ ಹತ್ತು ಮಂದಿ ಸಿಗ್ತಾರೆ. ಚಿತ್ತೂರಿನ ಆದೇಶ ಮಾತ್ರ ಎರಡೇ ದಿನಕ್ಕೆ ನನ್ನ ತೋಪಿಗೆ ಬಂದು ಮುಟ್ಟಿತು.

ಶ್ರೀನಿವಾಸಪುರ ಅಂದರೆ ಮಾವು. ಮುಳಬಾಗಿಲಿನಲ್ಲೂ ಮಾವಿನ ತೋಪು ಬಹಳ. ತಿನ್ನೋ ಹಣ್ಣು ಬೆಂಗಳೂರು, ಉತ್ತರದ ಕಡೆ ಹೋಗುತ್ತೆ. ತೋತಾಪುರಿ ಹೋಗೋದು ಜ್ಯೂಸ್ ಫ್ಯಾಕ್ಟರಿಗೆ. ಆ ಫ್ಯಾಕ್ಟರಿಗಳು ಇರೋದು ಹೆಚ್ಚಾಗಿ ಚಿತ್ತೂರು, ಕೃಷ್ಣಗಿರಿ ಸೀಮೆಯಲ್ಲಿ. ನಂಗಲಿ ದಾಟಿದರೆ ಆಂಧ್ರ, ಮಾಲೂರು ದಾಟಿದರೆ ಹೊಸೂರು, ತಮಿಳುನಾಡು. ಗಡಿಯ ಎರಡೂ ಕಡೆ ನಂಟರು, ಎರಡೂ ಕಡೆ ತೆಲುಗು, ಎರಡೂ ಕಡೆ ಗಾಂಧಿ ತಾತನ ನೋಟು. ದೇಶದ ಒಳಗೆ ವ್ಯಾಪಾರ ಮುಕ್ತವಾಗಿರಬೇಕು ಅಂತ ಸಂವಿಧಾನದ 301ನೇ ವಿಧಿಯೇ ಹೇಳುತ್ತಂತೆ. ಆದರೂ ಗೇಟು ಬಿತ್ತು.

ಅವರದೂ ತಪ್ಪಲ್ಲ

ಮೊದಲು ಸಿಟ್ಟು ಬಂತು. ಆಮೇಲೆ ಚಿತ್ತೂರು ಕಡೆಯ ನಮ್ಮ ಭಾವನವರ ಹತ್ತಿರ ಮಾತಾಡಿದೆ. ಅವರ ತೋಪಿನಲ್ಲೂ ಕಾಯಿ ಜೋತಾಡ್ತಾ ಇತ್ತು. ಹೋದ ವರ್ಷದ ಜ್ಯೂಸೇ ಮಿಕ್ಕಿದೆ ಅಂತ ಫ್ಯಾಕ್ಟರಿಯವರು ಹೇಳ್ತಾ ಇದ್ದರಂತೆ. ಆಂಧ್ರ ಸರ್ಕಾರ ಕೆ.ಜಿ.ಗೆ 12 ರೂಪಾಯಿ ಸಿಗಲಿ ಅಂತ ಗೊತ್ತು ಮಾಡಿತ್ತು. ಅದರಲ್ಲಿ 8 ರೂಪಾಯಿ ಫ್ಯಾಕ್ಟರಿ, 4 ರೂಪಾಯಿ ಸರ್ಕಾರ.

ಇಲ್ಲೇ ಇರೋದು ಗುಟ್ಟು. ಗಡಿಯ ಒಂದು ಕಡೆ ಕೆ.ಜಿ.ಗೆ 4 ರೂಪಾಯಿ ಸಹಾಯ ಇದೆ, ಇನ್ನೊಂದು ಕಡೆ ಏನೂ ಇಲ್ಲ. ಆಗ ಈ ಕಡೆಯ ಕಾಯಿ ಆ ಕಡೆಯ ಹೆಸರಿನಲ್ಲಿ ನುಗ್ಗುತ್ತೆ. ತಡೆಯದೆ ಹೋದರೆ ಅವರ ರೈತರಿಗೆ ಇಟ್ಟ ದುಡ್ಡು ನಮ್ಮ ಪಾಲಾಗುತ್ತೆ. ಹಾಗಾಗಿ ಸಹಾಯ ಕೊಟ್ಟವರು ಗೇಟು ಹಾಕಲೇಬೇಕಾಯಿತು. ಭಾವನವರ ಜಾಗದಲ್ಲಿ ನಾನಿದ್ದರೂ ಹಾಕು ಅಂತಿದ್ದೆ.

ನಮ್ಮಲ್ಲಿ ಶ್ರೀನಿವಾಸಪುರ ಬಂದ್ ಆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಂಧ್ರದ ಚಂದ್ರಬಾಬು ನಾಯ್ಡು ಅವರಿಗೆ ಕಾಗದ ಬರೆದರು. ಆಮೇಲೆ ಕೇಂದ್ರ ಸರ್ಕಾರ ಕರ್ನಾಟಕದ 2.5 ಲಕ್ಷ ಟನ್ ಮಾವಿಗೆ ಕ್ವಿಂಟಲ್‌ಗೆ 1,616 ರೂಪಾಯಿ ಲೆಕ್ಕ ಇಟ್ಟು ವ್ಯತ್ಯಾಸದ ದುಡ್ಡು ಕೊಡೋಕೆ ಒಪ್ಪಿತು. ಕೇಂದ್ರ ಅರ್ಧ, ರಾಜ್ಯ ಅರ್ಧ. ಒಳ್ಳೇದೇ. ಆದರೆ ಗೇಟು ಬಿದ್ದ ಮೇಲೆ ಛತ್ರಿ ಬಿಚ್ಚಿದ ಹಾಗಾಯಿತು. ನಾನು ಆಗಲೇ ಮಾರಿಯಾಗಿತ್ತು. ಮಂಡಿಯ ಚೀಟಿಯೂ ನನ್ನ ಹತ್ತಿರ ಇರಲಿಲ್ಲ. ಅದು ನನ್ನದೇ ತಪ್ಪು.

ನಮ್ಮ ಬಾಯಿಯೂ ಎರಡು ಮಾತಾಡಿತ್ತು

ಈಗ 2023ಕ್ಕೆ ಬನ್ನಿ. ಆ ಜುಲೈನಲ್ಲಿ ಕೋಲಾರ ಎ.ಪಿ.ಎಂ.ಸಿ.ಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ದಾಟಿತ್ತು. ಬಿಳಿ ನೊಣ, ಎಲೆ ಮುದುಡು ರೋಗ ಬಂದು ಬೆಳೆ ಕಮ್ಮಿ ಆಗಿತ್ತು. ನನಗೆ ಕೊಳವೆ ಬಾವಿ ಇಲ್ಲ. ತಮ್ಮನ ನೀರಿನಲ್ಲಿ ಅರ್ಧ ಎಕರೆ ಪಾಲಿಗೆ ಹಾಕಿದ್ದೆ. ನಮ್ಮ ಕಾಯಿ ಹಣ್ಣಾಗೋದು ಆಗಸ್ಟ್ ಕೊನೆಗೆ. ದಿನಾ ಹೋಗಿ ಗಿಡ ಮುಟ್ಟಿ ನೋಡಿ ಬರ್ತಿದ್ದೆ.

ಆ ಜುಲೈನಲ್ಲಿ ದೇಶದ ಹಣದುಬ್ಬರ ನೂರಕ್ಕೆ 7.44 ಆಯಿತು. ಹಣದುಬ್ಬರ ಅಂದರೆ ಹೋದ ವರ್ಷ ಇದೇ ತಿಂಗಳು 100 ರೂಪಾಯಿಗೆ ಬರ್ತಿದ್ದ ಸಾಮಾನಿಗೆ ಈ ವರ್ಷ ಎಷ್ಟು ಹೆಚ್ಚು ಕೊಡಬೇಕು ಅನ್ನೋ ಲೆಕ್ಕ. ಇದನ್ನ 4ರ ಹತ್ತಿರ, ಹೆಚ್ಚು ಅಂದರೆ 6ರ ಒಳಗೆ ಇಡಬೇಕು ಅಂತ 2016ರಿಂದ ರಿಸರ್ವ್ ಬ್ಯಾಂಕಿಗೆ ಗುರಿ ಕೊಟ್ಟಿದ್ದಾರೆ. ಅದು ಮೀರಿದ್ದಕ್ಕೆ ದೊಡ್ಡ ಕಾರಣ ತರಕಾರಿ, ಅದರಲ್ಲೂ ಟೊಮೆಟೊ.

ರಿಸರ್ವ್ ಬ್ಯಾಂಕಿನ ಕೈಲಿರೋ ದೊಡ್ಡ ಆಯುಧ ಬಡ್ಡಿ. 2022ರ ಮೇ ತನಕ 4 ಇದ್ದ ರೆಪೋವನ್ನ 2023ರ ಫೆಬ್ರವರಿ ಹೊತ್ತಿಗೆ ಆರೂವರೆಗೆ ಏರಿಸಿದ್ದರು. ಆದರೆ ಬಡ್ಡಿ ಏರಿಸಿದರೆ ಟೊಮೆಟೊ ಬೇಗ ಹಣ್ಣಾಗುತ್ತಾ? ಅವರಿಗೂ ಅದು ಗೊತ್ತು. ತರಕಾರಿ ಬೆಲೆ ಸ್ವಲ್ಪ ದಿನದ ಮಾತು ಅಂತ ಆ ಆಗಸ್ಟ್‌ನಲ್ಲಿ ಬಡ್ಡಿ ಮುಟ್ಟಲಿಲ್ಲ. ಉಳಿದ ದಾರಿ ಗೇಟು. ಆಗಸ್ಟ್ 10ಕ್ಕೆ ಹಣಕಾಸು ಮಂತ್ರಿ ನಿರ್ಮಲಾ ಸೀತಾರಾಮನ್ ಅವರು ಲೋಕಸಭೆಯಲ್ಲಿ ನೇಪಾಳದಿಂದ ಟೊಮೆಟೊ ತರಿಸೋಕೆ ಶುರು ಮಾಡಿದ್ದೇವೆ ಅಂದರು. ಹೊಸ ಬೆಳೆಯೂ ಬಂತು. ಸೆಪ್ಟೆಂಬರ್ ಹೊತ್ತಿಗೆ ದರ ಪಾತಾಳಕ್ಕೆ ಇಳಿಯಿತು. ಬಿದ್ದದ್ದಕ್ಕೆ ನೇಪಾಳ ಒಂದೇ ಕಾರಣ ಅಂತ ನಾನು ಹೇಳೋಲ್ಲ. ಹೊಸ ಬೆಳೆಯದೇ ದೊಡ್ಡ ಪಾಲು. ಆದರೆ ದರ ಏರಿದಾಗ ತೆಗೆದ ಗೇಟಿನ ಸುದ್ದಿ ಎಲ್ಲಾ ಕಡೆ ಬಂತು. ದರ ಬಿದ್ದಾಗ ಯಾರೂ ಯಾವ ಗೇಟೂ ತೆಗೆಯಲಿಲ್ಲ.

ನೇಪಾಳದಿಂದ ಅಷ್ಟು ಸಲೀಸಾಗಿ ಬರೋಕೆ ಹಣದ ಕಾರಣವೂ ಇದೆ. 1993ರಿಂದ ನಮ್ಮ 100 ರೂಪಾಯಿ ಅಂದರೆ ಅವರ 160 ರೂಪಾಯಿ. ಇದು ಕಟ್ಟಿ ಹಾಕಿದ ದರ, ಏರೋಲ್ಲ, ಇಳಿಯೋಲ್ಲ. ಡಾಲರ್ ಹುಡುಕೋ ಕೆಲಸ ಇಲ್ಲ. ಲಾರಿ ಹೊರಟರೆ ಬಂತು.

ಆಗ ವಡ್ಡಹಳ್ಳಿ ಮಾರ್ಕೆಟ್ಟಿನ ಟೀ ಅಂಗಡಿಯಲ್ಲಿ ಕೂತು ನಾವೆಲ್ಲಾ ಏನಂದೆವು? "ನೇಪಾಳದ್ದು ಯಾಕೆ ಬಿಡ್ತೀರಿ, ಗೇಟು ಹಾಕಿ" ಅಂದೆವು. ಎರಡು ವರ್ಷ ಆದ ಮೇಲೆ ಅದೇ ಬಾಯಲ್ಲಿ "ಚಿತ್ತೂರಿನವರು ಗೇಟು ಯಾಕೆ ಹಾಕ್ತಾರೆ, ತೆಗೀರಿ" ಅಂದೆವು. ಮಾರೋವಾಗ ಗೇಟು ತೆಗೆದಿರಬೇಕು, ಬೇರೆಯವರು ಮಾರೋಕೆ ಬಂದಾಗ ಹಾಕಿರಬೇಕು. ಇದನ್ನ ಒಪ್ಪಿಕೊಳ್ಳೋಕೆ ನನಗೆ ನಾಚಿಕೆ ಆಯಿತು. ಆದರೆ ಒಪ್ಪಿಕೊಳ್ಳದೆ ಮುಂದಿನ ಮಾತಿಲ್ಲ.

ಮುಯ್ಯಾಳಿನ ಲೆಕ್ಕ

ನೆರೆ ದೇಶಗಳೂ ಮಾಡೋದು ಇದನ್ನೇ. 1985ರಲ್ಲಿ ಢಾಕಾದಲ್ಲಿ ಸಾರ್ಕ್ ಅಂತ ಸಂಘ ಕಟ್ಟಿದರು. ಮಾರನೇ ವರ್ಷ 1986ರ ನವೆಂಬರ್‌ನಲ್ಲಿ ಅದರ ಎರಡನೇ ಶೃಂಗಸಭೆ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ನನಗೆ ನೆನಪಿದೆ, ಆಗ ನಾವು ಹುಡುಗರು. ಸುಂಕ ಇಳಿಸೋಣ ಅಂತ 2004ರಲ್ಲಿ ಸಾಫ್ಟಾ ಒಪ್ಪಂದಕ್ಕೆ ಸಹಿ ಹಾಕಿದರು. 2006ರಿಂದ ಜಾರಿ. ಇಷ್ಟಾದರೂ ದಕ್ಷಿಣ ಏಷ್ಯಾದ ದೇಶಗಳ ಒಟ್ಟು ವ್ಯಾಪಾರದಲ್ಲಿ ತಮ್ಮತಮ್ಮೊಳಗೆ ನಡೆಯೋದು ನೂರಕ್ಕೆ ಸುಮಾರು 5 ಮಾತ್ರ.

ಕೋಲಾರದ ಟೊಮೆಟೊ ಬಾಂಗ್ಲಾದೇಶಕ್ಕೆ ಹೋಗುತ್ತಿತ್ತು. ಹಿಂದೆ ಪಾಕಿಸ್ತಾನಕ್ಕೂ ಹೋಗುತ್ತಿತ್ತು. 2019ರ ಪುಲ್ವಾಮಾ ದಾಳಿ ಆದ ಮೇಲೆ ಪಾಕಿಸ್ತಾನದ ಮಾಲಿಗೆ ನಮ್ಮವರು 200 ಪರ್ಸೆಂಟ್ ಸುಂಕ ಹಾಕಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ವ್ಯಾಪಾರವನ್ನೇ ನಿಲ್ಲಿಸಿದರು. ಅದು ದೇಶದ ಮಾನದ ವಿಷಯ, ನಾನು ತೂಗೋಕೆ ಹೋಗೋಲ್ಲ. ಆದರೆ ಬಾಂಗ್ಲಾದ ಕಥೆ ಬೇರೆ. ಅಲ್ಲಿ ಅಡ್ಡ ಬಂದದ್ದು ಡಾಲರ್.

ಬಾಂಗ್ಲಾದ ವ್ಯಾಪಾರಿ ನಮ್ಮ ಟೊಮೆಟೊ ಕೊಳ್ಳಬೇಕು ಅಂದರೆ ದುಡ್ಡು ಕೊಡೋದು ಡಾಲರಿನಲ್ಲಿ. ಅವನ ಬ್ಯಾಂಕು ಮೊದಲು ಭರವಸೆ ಪತ್ರ ಕೊಡಬೇಕು. ಅದಕ್ಕೆ ಎಲ್.ಸಿ. ಅಂತಾರೆ. 2022ರಲ್ಲಿ ರಷ್ಯಾ–ಉಕ್ರೇನ್ ಯುದ್ಧ ಬಂತು, ಎಣ್ಣೆ, ಗೊಬ್ಬರ ದುಬಾರಿ ಆಯಿತು, ಅಮೆರಿಕಾ ಬಡ್ಡಿ ಏರಿಸಿತು. ಬಡ ದೇಶಗಳಿಂದ ಡಾಲರ್ ಓಡಿಹೋಯಿತು. 2022ರ ಶುರುವಿನಲ್ಲಿ ಡಾಲರಿಗೆ 86 ಟಾಕಾ ಇದ್ದದ್ದು 2024ರ ಮೇ ಹೊತ್ತಿಗೆ 117 ಆಯಿತು. ಡಾಲರ್ ಉಳಿಸೋಕೆ ಅವರು 2022ರ ಮೇಯಲ್ಲೇ ಹಣ್ಣೂ ಸೇರಿದಂತೆ ನೂರಕ್ಕೂ ಹೆಚ್ಚು ಸಾಮಾನಿನ ಮೇಲೆ ಹೊಸ ಸುಂಕ ಹಾಕಿದರು. ಶ್ರೀಲಂಕಾದ ಕಥೆಯಂತೂ ಗೊತ್ತೇ ಇದೆ. 2022ರ ಏಪ್ರಿಲ್‌ನಲ್ಲಿ ಹೊರಗಿನ ಸಾಲ ಕಟ್ಟೋಕಾಗೋಲ್ಲ ಅಂದುಬಿಟ್ಟಿತು.

ನಾವು ನೆರೆಯವರು. ಟೊಮೆಟೊ ನಮ್ಮದು, ಅನ್ನ ಸಾರು ಅವರದು. ನಡುವೆ ಅಮೆರಿಕಾದ ನೋಟು ಯಾಕೆ? ಈ ಪ್ರಶ್ನೆ ಹೊಸದಲ್ಲ. 1974ರಲ್ಲೇ ಏಷಿಯನ್ ಕ್ಲಿಯರಿಂಗ್ ಯೂನಿಯನ್ ಅಂತ ಮಾಡಿದರು. ಕಚೇರಿ ಇರಾನಿನ ಟೆಹರಾನ್‌ನಲ್ಲಿ. ಅದರ ಕೆಲಸ ನಮ್ಮ ಮುಯ್ಯಾಳಿನ ಥರವೇ. ನಾನು ನಿಮ್ಮ ರಾಗಿ ಕುಯ್ಲಿಗೆ ಮೂರು ದಿನ ಬಂದೆ, ನೀವು ನಮ್ಮದಕ್ಕೆ ಎರಡು ದಿನ ಬಂದಿರಿ. ಐದೂ ದಿನಕ್ಕೆ ಕೂಲಿ ಕೊಟ್ಟುಕೊಳ್ಳಬೇಕಾಗಿಲ್ಲ. ಉಳಿದ ಒಂದು ದಿನದ ಲೆಕ್ಕ ತೀರಿಸಿದರೆ ಸಾಕು. ಹಾಗೇ ಆ ದೇಶಗಳು ಎರಡು ತಿಂಗಳಿಗೊಮ್ಮೆ ಕೊಟ್ಟದ್ದು ತಗೊಂಡದ್ದು ವಜಾ ಮಾಡಿ ಉಳಿಕೆ ಮಾತ್ರ ತೀರಿಸೋದು.

2023ರ ಜುಲೈ 11ಕ್ಕೆ ಇನ್ನೊಂದು ಹೆಜ್ಜೆ ಇಟ್ಟರು. ಬಾಂಗ್ಲಾದ ಜೊತೆ ರೂಪಾಯಿಯಲ್ಲೇ ವ್ಯಾಪಾರ ಶುರು ಮಾಡಿದರು. ನಾನು ಸಂತೋಷಪಟ್ಟೆ. ಮಗಳು ಒಂದೇ ಪ್ರಶ್ನೆ ಕೇಳಿದಳು. "ಅಪ್ಪಾ, ಅವರಿಗೆ ರೂಪಾಯಿ ಎಲ್ಲಿಂದ ಬರಬೇಕು?"

ಯೋಚನೆ ಮಾಡಿ ನೋಡಿ. 2022–23ರಲ್ಲಿ ನಾವು ಬಾಂಗ್ಲಾಕ್ಕೆ ಮಾರಿದ್ದು ಸುಮಾರು 1,200 ಕೋಟಿ ಡಾಲರಿನ ಮಾಲು. ಅವರಿಂದ ಕೊಂಡದ್ದು ಸುಮಾರು 200 ಕೋಟಿಯದ್ದು. ನಾವು ಅವರ ಮಾಲು ಕೊಂಡರೆ ತಾನೇ ಅವರ ಕೈಗೆ ರೂಪಾಯಿ ಬರೋದು? ಮುಯ್ಯಾಳಿನಲ್ಲಿ ಒಬ್ಬನೇ ಹನ್ನೆರಡು ದಿನ ಹೋಗಿ ಇನ್ನೊಬ್ಬನನ್ನ ಎರಡೇ ದಿನ ಕರೆದರೆ ಅದು ಮುಯ್ಯಾಳಾಗಿ ಉಳಿಯೋಲ್ಲ, ಸಾಲ ಆಗುತ್ತೆ. 2025ರಲ್ಲಿ ಆದದ್ದು ಇನ್ನೂ ಬೇರೆ. ಏಪ್ರಿಲ್‌ನಲ್ಲಿ ಅವರು ನಮ್ಮ ನೂಲು ರಸ್ತೆ ಗಡಿಯಿಂದ ಬರೋದನ್ನ ನಿಲ್ಲಿಸಿದರು. ಮೇಯಲ್ಲಿ ನಾವು ಅವರ ಸಿದ್ಧ ಉಡುಪು ರಸ್ತೆ ಗಡಿಯಿಂದ ಬರೋದನ್ನ ನಿಲ್ಲಿಸಿದೆವು.

ಹಾಗಾದರೆ ಎಲ್ಲರಿಗೂ ಒಂದೇ ನಾಣ್ಯ ಮಾಡಿಬಿಟ್ಟರೆ? ಪಶ್ಚಿಮ ಆಫ್ರಿಕಾದ 8 ದೇಶಗಳಿಗೆ ಒಂದೇ ಫ್ರಾಂಕು ಇದೆ. ಆದರೂ ಅವರ ಕೋಕೋ, ಹತ್ತಿ ಹಡಗು ಏರಿ ದೂರದ ದೇಶಕ್ಕೆ ಹೋಗುತ್ತೆ, ತಮ್ಮತಮ್ಮೊಳಗಿನ ವ್ಯಾಪಾರ ಸಣ್ಣದೇ. ಅಷ್ಟು ದೂರ ಯಾಕೆ? ನಂಗಲಿಗೆ ಹೋಗಿ ನೋಡಿ. ಒಂದೇ ನೋಟು ಇದ್ದರೂ 2025ರ ಜೂನ್‌ನಲ್ಲಿ ಕಾಯಿ ದಾಟಲಿಲ್ಲ.

ನನಗೆ ತೋಚಿದ್ದು

ಹಣ ಒಂದು ಮಾಡೋದು ಸುಲಭ. ನಷ್ಟ ಹಂಚಿಕೊಳ್ಳೋ ಮಾತು ಮೊದಲೇ ಆಡದೆ ಹೋದರೆ ಕಷ್ಟದ ದಿನ ಬಂದಾಗ ಎಲ್ಲರೂ ಗೇಟು ಹಾಕ್ತಾರೆ. ರಾಜ್ಯ ಆಗಲಿ, ದೇಶ ಆಗಲಿ, ಇದು ಒಂದೇ. ಅದಕ್ಕೆ ನಾನು ಕೇಳೋದು ಇಷ್ಟು.

ಒಂದು. ಕೋಲಾರ, ಚಿತ್ತೂರು, ಕೃಷ್ಣಗಿರಿ ಮೂರೂ ಕಡೆಯ ಬೆಳೆಗಾರರು, ಫ್ಯಾಕ್ಟರಿಯವರು, ಅಧಿಕಾರಿಗಳು ಪ್ರತಿ ವರ್ಷ ಸಂಕ್ರಾಂತಿ ಒಳಗೆ ಒಂದು ಕಡೆ ಕೂರಬೇಕು. ಹೋದ ಸಲದ ಜ್ಯೂಸ್ ಎಷ್ಟು ಉಳಿದಿದೆ, ಈ ಸಲ ಎಷ್ಟು ಟನ್ ಅರೀತಾರೆ ಅನ್ನೋದು ಹೂವು ಕಟ್ಟೋ ಮೊದಲೇ ಗೊತ್ತಾಗಬೇಕು. ಹೋದ ವರ್ಷ ಅದು ಗೊತ್ತಿದ್ದಿದ್ದರೆ ನಾನು 40,000 ಸಾಲ ಮಾಡಿ ಔಷಧಿ ಹೊಡೆಸ್ತಾ ಇರಲಿಲ್ಲ.

ಎರಡು. ಸಹಾಯಧನ ಕೊಡೋದಾದರೆ ಗಡಿಯ ಎರಡೂ ಕಡೆ ಒಂದೇ ದರ, ಒಂದೇ ದಿನ ಕೊಡಬೇಕು. ಆಗ ಗೇಟಿಗೆ ಕಾರಣವೇ ಇರೋಲ್ಲ. ಇದನ್ನ ಮಾಡಿಸೋ ಶಕ್ತಿ ಕೇಂದ್ರಕ್ಕೆ ಇದೆ. 1,616ರ ಲೆಕ್ಕ ಮಾಡಿದವರು ಅದನ್ನ ಎರಡು ತಿಂಗಳು ಮುಂಚೆ ಮಾಡಬಹುದಿತ್ತು.

ಮೂರು. ಬೆಲೆ ಇಳಿಸೋಕೆ ಹೊರಗಿನ ಟೊಮೆಟೊ ತರಿಸೋದಾದರೆ ತರಿಸಲಿ. ಪಟ್ಟಣದ ಬಡವರೂ ಉಣ್ಣಬೇಕು. ಆದರೆ ಗೇಟು ತೆಗೆಯೋ ದಿನವೇ, ಮಂಡಿಯಲ್ಲಿ ದರ ಎಷ್ಟಕ್ಕೆ ಇಳಿದರೆ ಮುಚ್ತೀವಿ ಅಂತಲೂ ಹೇಳಲಿ. ದರ ನೆಲ ಕಚ್ಚಿದಾಗ ಅದೇ ಗೇಟಿನಿಂದ ನಮ್ಮ ಮಾಲು ಆ ಕಡೆ ಕಳಿಸೋಕೂ ಏರ್ಪಾಡು ಇರಲಿ.

ನಾಲ್ಕು. ನೆರೆ ದೇಶಕ್ಕೆ ನಾವು ಮಾರಬೇಕಾದರೆ ಅವರಿಂದ ಕೊಳ್ಳಲೂ ಬೇಕು. ಇದು ರೈತರಾಗಿ ನಾವು ಒಪ್ಪಬೇಕಾದ ಕಹಿ ಮಾತು.

ಐದನೇದು ನಮಗೆ ನಾವೇ ಹೇಳಿಕೊಳ್ಳೋದು. ಎಷ್ಟೇ ಅವಸರ ಇರಲಿ, ಮಂಡಿಯ ಚೀಟಿ ಬಿಡಬೇಡಿ. ಪಹಣಿ ಸರಿ ಮಾಡಿಸಿಕೊಳ್ಳಿ. ರಿಸರ್ವ್ ಬ್ಯಾಂಕು ಎಷ್ಟು ಬಡ್ಡಿ ಇಳಿಸಿದರೂ ಕಾಗದ ಇಲ್ಲದವನ ಮನೆಗೆ ಅದು ಬರೋಲ್ಲ. ನಾನು, ಅಣ್ಣ, ತಮ್ಮ ಮೂವರೂ ಕೂತು ಭಾಗದ ಮಾತು ಮುಗಿಸಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದೀವಿ.

ಚಿತ್ತೂರಿನ ಭಾವನವರಿಗೆ ಇದನ್ನೆಲ್ಲ ಫೋನಿನಲ್ಲಿ ಓದಿ ಹೇಳಿದೆ. ಒಂದನೇದು, ಎರಡನೇದು ಒಪ್ಪಿದರು. ಸಂಕ್ರಾಂತಿ ಸಭೆ ನಡೆಯೋದಾದರೆ ತಮ್ಮ ಕಡೆಯಿಂದ ಹತ್ತು ಜನ ಬರ್ತೀವಿ ಅಂದರು. ನಮ್ಮ ಕಡೆಯಿಂದ ಯಾರು ಯಾರು ಬರ್ತೀರಿ? ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ಮಾವು ಬೆಳೆಗಾರರು ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ನನ್ನ ಮಾತು ತಪ್ಪಾಗಿದ್ದರೆ ಅದನ್ನೂ ಬರೆಯಿರಿ.